ಮಲಗದ ಅಂಕಿ

ನದಿ ದಂಡೆಯ ಮೇಲೊಂದು ಮಠ. ಅಲ್ಲಿ ನಾಡಿ ನೋಡುವುದನ್ನು ಕಲಿಸುತ್ತಿದ್ದರು. ಗುರುಗಳ ಹೆಸರು ಚನ್ನವೀರಯ್ಯ. ಆ ಹೆಸರು ಹಿಡಿದು ಕರೆಯುವವರೆಲ್ಲ ತೀರಿಹೋಗಿ ಬಹಳ ವರ್ಷವಾಗಿತ್ತು. ಈಗ ಅವರು ಎಲ್ಲರಿಗೂ ಅಜ್ಜಾರು.

ಶಿಷ್ಯರು ಇಬ್ಬರೇ, ಗದಿಗೆಪ್ಪ ಮತ್ತು ಹಾಲೇಶ. ಈ ಕಥೆ ಗದಿಗೆಪ್ಪನದು. ಜಾಣ, ಮೈಮುರಿದು ದುಡಿಯುವವನು. ಆದರೆ ದಿನಾ ಹತ್ತುವ ಮೆಟ್ಟಿಲನ್ನೂ ಕಾಲಿಟ್ಟು ಒಮ್ಮೆ ಅಲುಗಾಡಿಸಿ ನೋಡದೆ ನಂಬುವ ಆಸಾಮಿಯಲ್ಲ.

ಮಠದಲ್ಲಿ ಒಂದು ಪದ್ಧತಿ ಇತ್ತು. ಬೆಳಿಗ್ಗೆ ಮಿಂದು ಬಂದವರು ಬಿಸಿನೀರಿನ ತಂಬಿಗೆ ಹಿಡಿದು ಅಂಗೈ ಬೆಚ್ಚಗೆ ಮಾಡಿಕೊಳ್ಳಬೇಕು. ಮೊದಲು ತನ್ನ ನಾಡಿಯನ್ನು ತಾನೇ ನೋಡಿಕೊಳ್ಳಬೇಕು, ಆಮೇಲೆ ಎದುರು ಕೂತವನದು. ಇವತ್ತು ಒಬ್ಬ ನೋಡಿದರೆ ನಾಳೆ ಇನ್ನೊಬ್ಬ ನೋಡಬೇಕು. ಅದಕ್ಕೆ ಪಾಳಿ ಅನ್ನುತ್ತಿದ್ದರು.

ನೋಡಿದವನು ಕಂಡದ್ದನ್ನು ಅಜ್ಜಾರ ಮುಂದೆ ಹೇಳಬೇಕು. ನಾಡಿಯ ಗತಿ ಹಾವಿನ ನಡೆಯೋ, ಕಪ್ಪೆಯ ನೆಗೆತವೋ, ಹಂಸದ ಹೆಜ್ಜೆಯೋ. ತಪ್ಪು ಹೇಳಿದರೆ ಅಜ್ಜಾರು ತಿದ್ದುತ್ತಿರಲಿಲ್ಲ, ಇನ್ನೊಮ್ಮೆ ನೋಡು ಅನ್ನುತ್ತಿದ್ದರು ಅಷ್ಟೆ.

ಬೆರಳಿಡುವುದನ್ನು ಕಲಿಸಿದ ಮೊದಲ ದಿನ ಅವರು ಹೇಳಿದ್ದು ಒಂದೇ ಮಾತು.

"ಬೆರಳು ಇಡ್ರಿ. ಒತ್ತಬ್ಯಾಡ್ರಿ."

ಮಠದ ಅಟ್ಟದ ಮೇಲೆ ಎಂಟು ನೂರು ತಾಳೆಗರಿ ಇದ್ದವು. ಹಿಂದಿನ ಗುರುಗಳು ನಾಡಿಯ ಬಗ್ಗೆ ಬರೆದಿಟ್ಟದ್ದು. ಅಡುಗೆಮನೆಯ ಹೊಗೆ ಕುಡಿದು ಕುಡಿದು ಕಪ್ಪಾಗಿ, ಅಕ್ಷರ ಯಾವುದು ಮಸಿ ಯಾವುದು ತಿಳಿಯದ ಹಾಗಾಗಿತ್ತು.

ಭಕ್ತರೊಬ್ಬರು ಒಂದು ಕಂಪ್ಯೂಟರ್ ತಂದುಕೊಟ್ಟರು. ಅದರ ಹೊಟ್ಟೆಯೊಳಗೆ ಇಟ್ಟಿಗೆ ಗಾತ್ರದ ಗ್ರಾಫಿಕ್ಸ್ ಕಾರ್ಡ್. ಗರಿಯ ಫೋಟೊ ಕೊಟ್ಟರೆ ಅದು ಮಸಿಯನ್ನು ಹಿಂದಕ್ಕೆ ತಳ್ಳಿ ಅಕ್ಷರವನ್ನು ಮುಂದಕ್ಕೆ ತರುತ್ತಿತ್ತು. ಹಾಲೇಶ ಪಕ್ಕದ ಕೋಣೆಯಲ್ಲಿ ಕೂತು ಫೋಟೊ ತೆಗೆಯುತ್ತಿದ್ದ, ತನ್ನ ಹಳೆಯ ಲ್ಯಾಪ್‌ಟಾಪಿನಿಂದ ತಂತಿಯ ಮೂಲಕ ಕಳಿಸುತ್ತಿದ್ದ, ಬಂದ ಅಕ್ಷರ ಓದುತ್ತಿದ್ದ. ಕಂಪ್ಯೂಟರಿನ ಪೆಟ್ಟಿಗೆಯನ್ನು ನೋಡಿಕೊಳ್ಳುವ ಕೆಲಸ ಗದಿಗೆಪ್ಪನಿಗೆ ಬಂತು. ಅದು ಬಿಸಿಯಾಗದ ಹಾಗೆ ನೋಡಿಕೋ ಎಂದಷ್ಟೇ ಅಜ್ಜಾರು ಹೇಳಿದ್ದರು.

ಗದಿಗೆಪ್ಪ ಕೈಪಿಡಿ ಓದಿದ. ಕಾರ್ಡಿಗೂ ಒಂದು ಮಿಡಿತ ಇದೆ ಅಂತ ಗೊತ್ತಾಯಿತು. ಅದಕ್ಕೆ ಕ್ಲಾಕ್ ಸ್ಪೀಡ್ ಅನ್ನುತ್ತಾರೆ, ಮೆಗಾಹರ್ಟ್ಸ್ ಲೆಕ್ಕದಲ್ಲಿ ಹೇಳುತ್ತಾರೆ. ಕೆಲಸ ಬಿದ್ದಾಗ ಎರಡು ಸಾವಿರ ದಾಟುತ್ತದೆ. ಕೆಲಸ ಮುಗಿದಾಗ ಇನ್ನೂರ ಹತ್ತಕ್ಕೆ ಇಳಿದು ಮಲಗುತ್ತದೆ. ಆ ಕ್ಷಣದ ಅಂಕಿಯನ್ನು ಆ ಕ್ಷಣವೇ ತೋರಿಸುವ ಪ್ರೋಗ್ರಾಂ ಕೂಡ ಇದೆ.

ಅವನಿಗೆ ಖುಷಿಯಾಯಿತು. ನಾಡಿ ನೋಡುವ ಮಠದಲ್ಲಿ ಕಬ್ಬಿಣದ ಪೆಟ್ಟಿಗೆಯ ನಾಡಿ ತನ್ನೊಬ್ಬನ ಪಾಲಿಗೆ ಬಂದಿದೆ ಅನ್ನಿಸಿತು. ಆ ಪ್ರೋಗ್ರಾಂ ಹಾಕಿಕೊಂಡು ಪರದೆಯ ಮೂಲೆಯಲ್ಲಿ ಸದಾ ತೆರೆದಿಟ್ಟ.

ಹಾಲೇಶ ಅದನ್ನು ನೋಡಿ ನಕ್ಕ. ದಿನಕ್ಕೆ ಎರಡು ಸಲ ನೋಡಿದರೆ ಸಾಕಪ್ಪ, ಅದನ್ನೇನು ಕೂಸಿನ ಹಾಗೆ ಕಾಯುತ್ತೀ ಅಂದ.

ಆಡಿದ್ದು ಅಷ್ಟೇ. ಆದರೆ ಗದಿಗೆಪ್ಪನ ತಲೆಯೊಳಗೆ ಅನುಮಾನದ ಹುಳ ಹೊಕ್ಕಿತು. ನೋಡಬೇಡ ಅಂತ ಇವನು ಯಾಕೆ ಹೇಳಿದ?

ಆ ಮಧ್ಯಾಹ್ನವೇ ಅವನು ಊಟದ ಹೊತ್ತಿಗೆ ಎಲೆ ಬಿಟ್ಟು ಬಂದು ನೋಡಿದ. ಕೆಲಸವೆಲ್ಲ ನಿಂತಿತ್ತು, ಒಂದು ಗರಿಯೂ ಬಾಕಿ ಇರಲಿಲ್ಲ. ಅಂಕಿ ಇನ್ನೂರ ಹತ್ತಕ್ಕೆ ಇಳಿದಿರಬೇಕಿತ್ತು. ಆರು ನೂರರ ಮೇಲೆ ಇತ್ತು.

ಯಾರೋ ಕಾರ್ಡಿಗೆ ಬೇರೆ ಕೆಲಸ ಹಚ್ಚಿದ್ದಾರೆ. ಪೆಟ್ಟಿಗೆಗೆ ತಂತಿ ಬಂದಿರುವುದು ಒಂದೇ ಕಡೆಯಿಂದ, ಹಾಲೇಶನ ಕೋಣೆಯಿಂದ.

ಬೇರೆ ಕೆಲಸ ಅಂದರೆ ಏನು? ಅದಕ್ಕೂ ಗದಿಗೆಪ್ಪ ಉತ್ತರ ಹುಡುಕಿದ. ಹಾಲೇಶ ಗರಿಗಳನ್ನೆಲ್ಲ ತನಗೊಂದು ಪ್ರತಿ ಮಾಡಿಕೊಳ್ಳುತ್ತಿದ್ದಾನೆ. ಪ್ರತಿ ಸೋಮವಾರ ಕೈಚೀಲ ಹಿಡಿದು ಹರಿಗೋಲಿನಲ್ಲಿ ಆಚೆ ದಂಡೆಗೆ ಹೋಗುತ್ತಾನಲ್ಲ, ಯಾರಿಗೋ ಕೊಡುವುದಕ್ಕೇ ಹೋಗುತ್ತಾನೆ. ಚೀಲದಲ್ಲಿ ಏನಿದೆ ಅಂತ ಕೇಳಿದ್ದರೆ ಹಾಲೇಶ ಹೇಳುತ್ತಿದ್ದ. ಗದಿಗೆಪ್ಪ ಕೇಳಲಿಲ್ಲ. ಕೇಳಿದರೆ ಕಳ್ಳ ಎಚ್ಚರವಾಗುತ್ತಾನೆ.

ಇದರ ಹಿಂದೆ ಇನ್ನೊಂದು ಮಾತಿತ್ತು, ಅದನ್ನು ಮುಚ್ಚಿಡುವುದು ಬೇಡ. ಅಜ್ಜಾರ ಬೆರಳು ಈಚೆಗೆ ನಡುಗುತ್ತಿದ್ದವು. ಬರುವ ಅಮಾವಾಸ್ಯೆಗೆ ರೋಗಿಗಳ ಚಾಪೆಯ ಬಲಕ್ಕೆ ಇಬ್ಬರಲ್ಲಿ ಒಬ್ಬನನ್ನು ಕೂರಿಸುತ್ತೇನೆ, ಇನ್ನು ಮುಂದೆ ಬಂದವರ ನಾಡಿಯನ್ನು ಅವನೇ ನೋಡಬೇಕು ಅಂದಿದ್ದರು. ಆ ಒಬ್ಬ ಹಾಲೇಶನೇ ಆಗುತ್ತಾನೆ ಎಂದು ಗದಿಗೆಪ್ಪನಿಗೆ ಹೆದರಿಕೆ ಇತ್ತು. ಹೊಟ್ಟೆಕಿಚ್ಚೂ ಇತ್ತು.

ಅಂದಿನಿಂದ ಅವನು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯತೊಡಗಿದ.

ಸೆಕೆಂಡಿಗೆ ಒಂದು ಸಲ ನೋಡಿದರೆ ನಡುವೆ ಕಳ್ಳ ನುಸುಳಿ ಹೋದಾನು ಎಂದು ಸೆಕೆಂಡಿಗೆ ಹತ್ತು ಸಲ ಅಳೆಯುವ ಹಾಗೆ ಪ್ರೋಗ್ರಾಂ ತಿದ್ದಿದ. ಮಧ್ಯಾಹ್ನದ ಅಂಕಿ ಸಾವಿರ ದಾಟಿತು. ನೋಡಿದೆಯಾ, ಹೆಚ್ಚು ಮಾಡುತ್ತಿದ್ದಾನೆ ಅಂದುಕೊಂಡ.

ಸೆಕೆಂಡಿಗೆ ನೂರು ಸಲ ಮಾಡಿದ. ಏರಿಳಿತ ಚೆನ್ನಾಗಿ ಕಾಣಲಿ ಅಂತ ಪರದೆಯ ತುಂಬ ಓಡುವ ಗೆರೆಯ ಚಿತ್ರ ಹಾಕಿದ. ಮೊದಲನೆಯ ಪ್ರೋಗ್ರಾಮೇ ಸುಳ್ಳು ಹೇಳುತ್ತಿದ್ದರೆ ಎಂದು ಅದರ ಮೇಲೊಂದು ಕಾವಲಿಗೆ ಎರಡನೆಯದನ್ನೂ ಓಡಿಸಿದ. ಅಂಕಿ ಒಂದು ಸಾವಿರದ ಏಳುನೂರ ನಲವತ್ತಕ್ಕೆ ಹೋಗಿ ನಿಂತಿತು. ಕಳ್ಳನಿಗೆ ಸುಳಿವು ಸಿಕ್ಕಿದೆ, ಅವಸರ ಮಾಡುತ್ತಿದ್ದಾನೆ ಅಂದುಕೊಂಡ.

ಅಡುಗೆಯ ಫಕೀರವ್ವ ಕೂಡ ಒಂದು ದಿನ ಗೊಣಗಿದಳು. ಈ ಪೆಟ್ಟಿಗೆ ಬಂದ ಹೊಸದರಲ್ಲಿ ಊಟದ ಹೊತ್ತಿಗೆ ಸುಮ್ಮನಿರುತ್ತಿತ್ತು, ಈಗೀಗ ದಿನವಿಡೀ ಗುಂಯ್ ಅನ್ನುತ್ತದೆ, ಇದಕ್ಕೇನು ಹಸಿವು ನಿದ್ರೆ ಇಲ್ಲವೇ ಅಂದಳು. ಗದಿಗೆಪ್ಪ ಅದನ್ನೂ ತನ್ನ ಸಾಕ್ಷಿಗಳ ಪಟ್ಟಿಗೆ ಸೇರಿಸಿಕೊಂಡ.

ಅಂಕಿ ಒಂದು ಸಾಕ್ಷಿ. ಇನ್ನೊಂದು ಬೇಕಲ್ಲ. ಅದು ದಿನಾ ಬೆಳಿಗ್ಗೆ ಅವನ ಕೈಗೇ ಬರುತ್ತಿತ್ತು.

ಹಾಲೇಶನ ಮಣಿಕಟ್ಟು ಹಿಡಿದು ಅವನು ಸುತ್ತುಬಳಸಿ ಮಾತು ತೆಗೆದ. ನಿನ್ನೆ ಊಟ ಬೇಗ ಮುಗಿಸಿದೆಯಲ್ಲ. ಲ್ಯಾಪ್‌ಟಾಪ್ ಮುಚ್ಚಿಯೇ ಬಂದಿದ್ದೆಯಾ. ಕೇಳುತ್ತ ಕೇಳುತ್ತ ಬೆರಳು ಬಿಗಿ ಮಾಡಿದ. ಬೆರಳ ಕೆಳಗೆ ನಾಡಿ ಕುಣಿಯಿತು. ಕಪ್ಪೆಯ ನೆಗೆತ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಅಂದರೆ ಇದೇ ಅಲ್ಲವೇ?

ಮರುದಿನ ಪಾಳಿ ಹಾಲೇಶನದು. ಗದಿಗೆಪ್ಪ, ನಿನ್ನೆ ಸರಿಯಾಗಿ ಸಿಗಲಿಲ್ಲ, ಇವತ್ತೂ ನಾನೇ ನೋಡುತ್ತೇನೆ ಅಂದ. ಹಾಲೇಶ ಕೈ ಕೊಟ್ಟ. ಅದರ ಮರುದಿನವೂ ಕೊಟ್ಟ.

ಹಾಗೆ ಹನ್ನೊಂದು ದಿನ ನಡೆಯಿತು. ತಂಬಿಗೆ ಹಿಡಿದು ಕೈ ಬೆಚ್ಚಗೆ ಮಾಡಿಕೊಳ್ಳುವುದು ಮೂರನೆಯ ದಿನಕ್ಕೆ ಬಿಟ್ಟುಹೋಯಿತು. ತನ್ನ ನಾಡಿ ನೋಡಿಕೊಳ್ಳುವುದು ಐದನೆಯ ದಿನಕ್ಕೆ. ಅಜ್ಜಾರು ಎದುರಿಗೇ ಕೂತಿದ್ದರು, ಏನೂ ಅನ್ನಲಿಲ್ಲ.

ಹನ್ನೊಂದನೆಯ ಬೆಳಿಗ್ಗೆ ಗದಿಗೆಪ್ಪ ಅಜ್ಜಾರ ಕೋಣೆಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ಹೇಳಿದ. ಕೆಲಸವಿಲ್ಲದ ಹೊತ್ತಿನಲ್ಲೂ ಮಲಗದ ಅಂಕಿ, ಸೋಮವಾರದ ಚೀಲ, ಕುಣಿಯುವ ನಾಡಿ. ಬರೆದಿಟ್ಟುಕೊಂಡ ಅಂಕಿಗಳ ಹಾಳೆಯನ್ನೂ ಮುಂದಿಟ್ಟ.

ಅಜ್ಜಾರು ಹಾಳೆ ಮುಟ್ಟಲಿಲ್ಲ.

"ಇಬ್ಬರು ಸಾಕ್ಷಿ ಅದಾರ ಅಂತೀ."

"ಹೌದ್ರಿ ಅಜ್ಜಾರ. ಪೆಟಿಗಿ ಒಂದು, ನಾಡಿ ಒಂದು."

"ಪೆಟಿಗಿ ನೋಡಿದವರು ಯಾರು?"

"ನಾನ ರೀ."

"ನಾಡಿ?"

"ಅದೂ ನಾನ ರೀ."



"ಸಾಕ್ಷಿ ಎರಡು. ಕಣ್ಣು ಒಂದ."

ಗದಿಗೆಪ್ಪನಿಗೆ ಅದು ಹಿಡಿಸಲಿಲ್ಲ. ಹಾಲೇಶನ ಮೇಲೆ ಅಜ್ಜಾರಿಗೆ ಮೊದಲಿಂದಲೂ ಒಲವು, ಅದಕ್ಕೇ ಮಾತು ತೇಲಿಸುತ್ತಿದ್ದಾರೆ ಅನ್ನಿಸಿತು. ನನಗೆ ಖಾತ್ರಿ ಇದೆ, ಗರಿಗಳು ಊರೂರು ಸೇರುವ ಮೊದಲು ಅವನನ್ನು ಕೇಳಲೇಬೇಕು ಎಂದು ಹಟ ಹಿಡಿದ.

ಅಜ್ಜಾರು ಹಾಲೇಶನನ್ನು ಕರೆಸಿದರು. ಗದಿಗೆಪ್ಪ ಏನೋ ಹೇಳುವುದಿದೆಯಂತೆ, ಕೇಳು ಅಂದರು.

ಗದಿಗೆಪ್ಪ ಹೇಳಿಬಿಟ್ಟ. ಕಳ್ಳ ಎಂಬ ಮಾತನ್ನೂ ಹೇಳಿದ. ನಾಡಿ ನೋಡುವವನಿಗೆ ಇದಕ್ಕಿಂತ ದೊಡ್ಡ ಏಟಿಲ್ಲ. ಗುರುವಿನ ಗರಿ ಕದ್ದವನು ಎಂದು ಸುದ್ದಿ ಹಬ್ಬಿದರೆ ಹತ್ತೂರು ಸುತ್ತಿದರೂ ಅವನ ಮುಂದೆ ಒಬ್ಬ ರೋಗಿಯೂ ಕೈ ಚಾಚುವುದಿಲ್ಲ. ಕಲಿತ ವಿದ್ಯೆ ಬೆರಳಲ್ಲೇ ಒಣಗುತ್ತದೆ. ಅದು ಇಬ್ಬರಿಗೂ ಗೊತ್ತಿತ್ತು.

ಹಾಲೇಶ ಅಜ್ಜಾರ ಮುಖ ನೋಡಿದ. ಅಜ್ಜಾರು ಕಣ್ಣು ತಗ್ಗಿಸಿದ್ದರು. ಆಮೇಲೆ ಗದಿಗೆಪ್ಪನ ಕಡೆ ತಿರುಗಿದ.

"ಹನ್ನೊಂದು ದಿನ ಕೈ ಕೊಟ್ಟೇನಿ. ಒಂದು ದಿನರ ನೆಟ್ಟಗ ಕೇಳಿದ್ದರ ಹೇಳತಿದ್ದೆ."

ಅಷ್ಟು ಹೇಳಿ ತಂತಿ ಕಿತ್ತು ಸುರುಳಿ ಸುತ್ತಿ ಗೂಟಕ್ಕೆ ಹಾಕಿದ. ಲ್ಯಾಪ್‌ಟಾಪ್, ಎರಡು ಪಂಚೆ, ಆ ಕೈಚೀಲ, ಇಷ್ಟೇ ಅವನ ಗಂಟು. ಅಜ್ಜಾರ ಕಾಲು ಮುಟ್ಟಿ ನಮಸ್ಕಾರ ಮಾಡಿ ಇಳಿದು ಹೋದ. ಹರಿಗೋಲು ಆಚೆ ದಂಡೆ ಸೇರುವತನಕ ಗದಿಗೆಪ್ಪ ಕಟ್ಟೆಯ ಮೇಲೆ ನಿಂತು ನೋಡಿದ. ನಿರಪರಾಧಿಯಾಗಿದ್ದರೆ ಜಗಳವಾಡುತ್ತಿದ್ದ, ಇಷ್ಟು ಸುಲಭಕ್ಕೆ ಹೋಗುತ್ತಿದ್ದನೇ ಅಂದುಕೊಂಡ.

ಮಧ್ಯಾಹ್ನ ನೆಮ್ಮದಿಯಾಗಿ ಉಂಡು ಬಂದು ಪೆಟ್ಟಿಗೆಯ ಮುಂದೆ ಕೂತ. ಕಳ್ಳ ಹೋಗಿದ್ದಾನೆ, ತಂತಿ ಗೂಟದಲ್ಲಿದೆ. ಇನ್ನು ಅಂಕಿ ಮಲಗಿರಬೇಕು.

ಒಂದು ಸಾವಿರದ ಏಳುನೂರ ನಲವತ್ತು.

ಗದಿಗೆಪ್ಪ ಕಣ್ಣುಜ್ಜಿಕೊಂಡು ನೋಡಿದ. ಕನ್ನಡಕ ಒರೆಸಿಕೊಂಡು ನೋಡಿದ. ಪರದೆಯ ತುಂಬ ಗೆರೆ ಓಡುತ್ತಲೇ ಇತ್ತು. ಪೆಟ್ಟಿಗೆ ಗುಂಯ್ ಅನ್ನುತ್ತಲೇ ಇತ್ತು.

ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಒಂದು ಉಸಿರು ಬಿಟ್ಟು ಹಿಂದಕ್ಕೆ ಯೋಚಿಸುತ್ತಿದ್ದರು. ಗದಿಗೆಪ್ಪನ ಅನುಮಾನಕ್ಕೆ ಮಾತ್ರ ಹಸಿವು ಹೆಚ್ಚಾಯಿತು. ಹಾಲೇಶ ಹೋಗುವ ಮೊದಲು ಪೆಟ್ಟಿಗೆಯೊಳಗೆ ಏನೋ ಬಿಟ್ಟು ಹೋಗಿದ್ದಾನೆ. ಅಲ್ಲ, ಪೆಟ್ಟಿಗೆ ಕೊಟ್ಟ ಭಕ್ತರೇ ಏನೋ ಇಟ್ಟು ಕೊಟ್ಟಿರಬೇಕು. ಸುಮ್ಮನೆ ಯಾರು ಇಷ್ಟು ದೊಡ್ಡ ವಸ್ತು ಕೊಡುತ್ತಾರೆ? ಫಕೀರವ್ವ ಗುಡಿಸುವ ನೆಪದಲ್ಲಿ ದಿನಾ ಈ ಕೋಣೆಗೆ ಬರುತ್ತಾಳಲ್ಲ?

ಸಂಜೆಯ ಹೊತ್ತಿಗೆ ಅನುಮಾನ ಅಜ್ಜಾರತನಕ ಹೋಯಿತು. ಹಾಲೇಶ ಹೊರಟಾಗ ಅವರು ಒಂದು ಮಾತೂ ಆಡಲಿಲ್ಲ. ಯಾಕೆ ಆಡಲಿಲ್ಲ? ಅವರೇ ಅವನಿಗೆ ಪ್ರತಿ ಮಾಡಿಕೋ ಅಂದಿದ್ದರೆ? ಗರಿಗಳನ್ನು ಅವನಿಗೆ ಕೊಟ್ಟು ತನಗೆ ಬರೀ ಪೆಟ್ಟಿಗೆ ಕಾಯುವ ಕೆಲಸ ಕೊಟ್ಟಿದ್ದರೆ?

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅನ್ನುತ್ತಾರೆ. ಗದಿಗೆಪ್ಪನಿಗೆ ಆ ಸಂಜೆ ನದಿಯೂ ಯಾರ ಕಡೆಯದೋ ಅನ್ನಿಸಿತು.

ಮರುದಿನ ಬೆಳಿಗ್ಗೆ ಪಾಠದ ಜಾಗಕ್ಕೆ ಬಂದರೆ ಎದುರಿನ ಮಣೆ ಖಾಲಿ. ಆದರೆ ಪಕ್ಕದಲ್ಲಿ ಪರದೆ ಕಟ್ಟಿತ್ತು.

ಹೆಣ್ಣುಮಕ್ಕಳು ಕೈ ತೋರಿಸಲು ಬಂದಾಗ ಕಟ್ಟುವ ಪರದೆ ಅದು. ಆಚೆ ಅವರು ಕೂರುತ್ತಾರೆ. ಈಚೆ ಹಲಗೆಯ ಮೇಲೆ ಕೈ ಮಾತ್ರ ಚಾಚುತ್ತಾರೆ, ಅದರ ಮೇಲೆ ತೆಳುವಾದ ಒದ್ದೆ ಬಟ್ಟೆ ಹೊದಿಸುತ್ತಾರೆ. ಬಟ್ಟೆಯ ಮೇಲಿಂದಲೇ ನಾಡಿ ನೋಡಬೇಕು. ಕೈ ಯಾರದೆಂದು ತಿಳಿದರೆ ಬೆರಳು ಪಕ್ಷ ವಹಿಸುತ್ತದೆ ಎಂದು ಹಿಂದಿನವರು ಮಾಡಿದ ಏರ್ಪಾಡು.

ಹಲಗೆಯ ಮೇಲೆ ಬಟ್ಟೆ ಉಬ್ಬಿಕೊಂಡಿತ್ತು. ಅಜ್ಜಾರು ಪಕ್ಕದಲ್ಲಿ ಕೂತಿದ್ದರು.

"ನೋಡು. ಬಟ್ಟಿ ತೆಗೀಬ್ಯಾಡ. ಏನ ಕಂಡಿತು ಹೇಳು."

ಬಿಸಿನೀರಿನ ತಂಬಿಗೆ ಅಲ್ಲೇ ಇತ್ತು. ಗದಿಗೆಪ್ಪ ಅದನ್ನು ನೋಡಲೂ ಇಲ್ಲ. ಅವನ ತಲೆಯ ತುಂಬ ಒಂದೇ ಪ್ರಶ್ನೆ, ಪರದೆಯ ಹಿಂದೆ ಯಾರು? ಹೊತ್ತಲ್ಲದ ಹೊತ್ತಿನಲ್ಲಿ ಬಂದ ರೋಗಿ ಯಾರಿರಬಹುದು? ಹಾಲೇಶನೇ ತಿರುಗಿ ಬಂದಿರಬೇಕು, ಅಜ್ಜಾರೇ ಕರೆಸಿಕೊಂಡಿರಬೇಕು, ತಾನು ಮೊದಲು ಹೇಳಿದ್ದು ಸುಳ್ಳು ಅಂತ ತೋರಿಸಲು ಇಬ್ಬರೂ ಸೇರಿ ಹೂಡಿದ ಆಟ ಇದು.

ಮೂರು ಬೆರಳಿಟ್ಟ. ಬೆಚ್ಚಗಿತ್ತು. ತಪ್ಪಿಸಿಕೊಳ್ಳದಿರಲಿ ಎಂದು ಗಟ್ಟಿಯಾಗಿ ಒತ್ತಿ ಹಿಡಿದ.

ಕ್ಷಣ ಕಳೆಯುವುದರಲ್ಲಿ ಬೆರಳ ಕೆಳಗೆ ಮಿಡಿತ ಶುರುವಾಯಿತು. ಅವನ ಮುಖ ಅರಳಿತು.

"ಕಪ್ಪಿ ನೆಗೆತ ರೀ ಅಜ್ಜಾರ. ಭಾಳ ಜೋರೈತಿ. ಅಂಜಿದ ನಾಡಿ."

"ಮತ್ತ?"

"ಯಾರದಂತನೂ ಹೇಳತೀನ್ರಿ. ಇದು ಹಾಲೇಶಂದು."

"ಖಾತ್ರಿ ಐತೇನು?"

"ಹನ್ನೊಂದು ದಿನ ಹಿಡಿದೀನ್ರಿ. ಅದ ನಾಡಿ. ತಪ್ಪಂಗಿಲ್ಲ."

ಅಜ್ಜಾರು ಅಡುಗೆಮನೆಯ ಕಡೆ ಕತ್ತು ತಿರುಗಿಸಿ ಕರೆದರು.

"ಫಕೀರವ್ವಾ, ನಿನ್ನ ದಿಂಡು ತಗೊಂಡು ಹೋಗವಾ."

ಫಕೀರವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. ಪರದೆ ಸರಿಸಿದಳು, ಅದರ ಹಿಂದೆ ಯಾರೂ ಇರಲಿಲ್ಲ. ಒದ್ದೆ ಬಟ್ಟೆ ಎತ್ತಿದಳು. ಹಲಗೆಯ ಮೇಲೆ ಸುಲಿದ ಬಾಳೆದಿಂಡು, ಮಣಿಕಟ್ಟಿನಷ್ಟು ದಪ್ಪ, ಬಿಸಿನೀರಿನಲ್ಲಿ ಅದ್ದಿ ಇಟ್ಟದ್ದು. ಅದರ ಮೇಲೆ ಮೂರು ಬೆರಳಿನ ಗುರುತು ಆಳವಾಗಿ ಬಿದ್ದಿತ್ತು. ಪಲ್ಯಕ್ಕೆ ತಡವಾಯಿತು ಎಂದು ಗೊಣಗುತ್ತ ಅವಳು ಅದನ್ನೆತ್ತಿಕೊಂಡು ಹೋದಳು.



ಅಜ್ಜಾರ ದನಿಯಲ್ಲಿ ಸಿಟ್ಟಿರಲಿಲ್ಲ.

"ಹನ್ನೊಂದು ದಿನ ಹಿಡಿದಿದ್ದು ಆ ನಾಡೀನ, ಹೌದಲ್ಲ?"

"ಹೌದ್ರಿ."

"ಹಂಗಾರ ಅದು ಯಾರದು?"

ಗದಿಗೆಪ್ಪ ತನ್ನ ಕೈ ನೋಡಿಕೊಂಡ. ಒತ್ತಿ ಒತ್ತಿ ಮೂರೂ ಬೆರಳ ತುದಿ ಕೆಂಪಾಗಿದ್ದವು. ಬಿಟ್ಟ ಮೇಲೂ ಅವು ಮಿಡಿಯುತ್ತಿದ್ದವು. ಕಪ್ಪೆಯ ನೆಗೆತ, ಅಂಜಿದ ನಾಡಿ.

ಅವನಿಗೆ ಒಮ್ಮೆಗೇ ಪೆಟ್ಟಿಗೆ ನೆನಪಾಯಿತು. ಎದ್ದವನು ಅಜ್ಜಾರಿಗೆ ಹೇಳದೆಯೇ ಆ ಕೋಣೆಗೆ ಹೋದ.

ಪರದೆಯ ಮೇಲೆ ಗೆರೆ ಓಡುತ್ತಿತ್ತು. ಸೆಕೆಂಡಿಗೆ ನೂರು ಸಲ ಕಾರ್ಡನ್ನು ಎಬ್ಬಿಸಿ ಎದ್ದಿದ್ದೀಯಾ ಎಂದು ಕೇಳುವ ಪ್ರೋಗ್ರಾಂ. ಕೇಳಿದ್ದಕ್ಕೆ ಬಂದ ಉತ್ತರವನ್ನು ಗೆರೆಯಾಗಿ ಬರೆಯುವುದು ಮತ್ತೆ ಅದೇ ಕಾರ್ಡಿನ ಕೆಲಸ. ಅದರ ಪಕ್ಕದಲ್ಲಿ, ಅದನ್ನು ಕಾಯುವ ಇನ್ನೊಂದು ಪ್ರೋಗ್ರಾಂ. ಹನ್ನೊಂದು ದಿನ ಇದನ್ನೆಲ್ಲ ತೆರೆದಿಟ್ಟವನು ತಾನೇ.

ಎರಡನೆಯ ಪ್ರೋಗ್ರಾಂ ಮುಚ್ಚಿದ. ಓಡುವ ಗೆರೆ ಮುಚ್ಚಿದ. ಕೊನೆಗೆ ಮೂಲೆಯ ಅಂಕಿಯ ಕಿಟಕಿ ಮಾತ್ರ ಉಳಿಯಿತು. ಅದನ್ನು ಮುಚ್ಚಲು ಕೈ ಬರಲಿಲ್ಲ. ಮುಚ್ಚಿದರೆ ನೋಡುವುದು ಹೇಗೆ? ನೋಡದಿದ್ದರೆ ನಂಬುವುದು ಹೇಗೆ?

ಮುಚ್ಚಿದ.

ಖಾಲಿ ಪರದೆಯ ಮುಂದೆ ಸುಮ್ಮನೆ ಕೂತ. ಸ್ವಲ್ಪ ಹೊತ್ತಿಗೆ ಪೆಟ್ಟಿಗೆಯ ಗುಂಯ್ ಸದ್ದು ಸಣ್ಣಗಾಯಿತು. ಇನ್ನೂ ಸ್ವಲ್ಪ ಹೊತ್ತಿಗೆ ಕಾರ್ಡಿನ ಫ್ಯಾನು ಒಂದೆರಡು ಸುತ್ತು ಎಳೆದು ನಿಂತೇಬಿಟ್ಟಿತು. ಕೋಣೆಯಲ್ಲಿ ನದಿಯ ಸದ್ದು ಕೇಳಿಸಿತು. ಇಷ್ಟು ದಿನ ಅದು ಅಲ್ಲೇ ಇತ್ತು.

ಅವನು ಗದಿಗೆಪ್ಪ. ತಡೆಯಲಾರದೆ ಒಮ್ಮೆ, ಒಂದೇ ಒಂದು ಸಲ, ಕಿಟಕಿ ತೆರೆದು ನೋಡಿದ.

ಇನ್ನೂರ ಹತ್ತು.

ಅವನು ನೋಡುತ್ತಿದ್ದ ಹಾಗೆಯೇ ಅಂಕಿ ಏರತೊಡಗಿತು. ಗಾಬರಿಯಾಗಿ ಮುಚ್ಚಿಬಿಟ್ಟ. ಮೇಜಿನ ಮೇಲೆ ತಲೆಯಿಟ್ಟು ಅತ್ತ.

ಎದ್ದು ಹೊರಗೆ ಬಂದಾಗ ಫಕೀರವ್ವ ಜಗುಲಿಯಲ್ಲಿ ಒಂದು ಬಾಟಲಿಗೆ ಕಷಾಯ ತುಂಬುತ್ತಿದ್ದಳು. ಆಚೆ ದಂಡೆಯ ಅಂಬಿಗನ ಹೆಂಡತಿಗೆ ಕಾಲು ಬಾತಿದೆ, ಅಜ್ಜಾರು ಹೇಳಿದ ಔಷಧ, ಪ್ರತಿ ಸೋಮವಾರ ಹಾಲೇಶ ಒಯ್ದು ಕೊಡುತ್ತಿದ್ದ, ಇನ್ನು ಯಾರು ಒಯ್ಯುತ್ತಾರೋ ಅಂದಳು. ಈಗಲೂ ಅವನು ಅಂಬಿಗನ ಮನೆಯಲ್ಲೇ ಇದ್ದಾನಂತೆ, ಇವತ್ತು ಇಳಿಹೊತ್ತಿಗೆ ಗಾಡಿ ಹಿಡಿದು ಊರು ಬಿಡುತ್ತಾನಂತೆ ಎಂದೂ ಹೇಳಿದಳು.

ಗದಿಗೆಪ್ಪನಿಗೆ ಆ ಕೈಚೀಲ ಕಣ್ಣ ಮುಂದೆ ಬಂತು.

ಅಜ್ಜಾರು ನದಿಯ ಮೆಟ್ಟಿಲ ಮೇಲೆ ಕೂತಿದ್ದರು. ಅವನು ಬಂದು ಎರಡು ಮೆಟ್ಟಿಲು ಕೆಳಗೆ ಕೂತ. ಪೆಟ್ಟಿಗೆ ಮಲಗಿತು ಅಂದ. ಅಂಕಿಯನ್ನು ಎಬ್ಬಿಸುತ್ತಿದ್ದವನು ತಾನೇ ಅಂದ. ನಿಮ್ಮ ಮೇಲೂ ಅನುಮಾನಪಟ್ಟೆ ಅಂತ, ಕೇಳದಿದ್ದರೂ ಹೇಳಿಕೊಂಡ. ಅದು ಗೊತ್ತಿತ್ತು ಅನ್ನುವ ಹಾಗೆ ಅಜ್ಜಾರು ತಲೆಯಾಡಿಸಿದರು.

ಒಂದು ಪ್ರಶ್ನೆ ಮಾತ್ರ ಉಳಿದಿತ್ತು.

"ನಿಮಗೆಲ್ಲ ಗೊತ್ತಿತ್ತಲ್ರಿ ಅಜ್ಜಾರ. ಅವ ಹೋಗುವಾಗ ನೀವ್ಯಾಕ ತಡೀಲಿಲ್ಲ?"

"ಕಳಿಸಿದವ ನಾ ಅಲ್ಲಲ್ಲ."

ಕೆಳಗೆ ಹರಿಗೋಲು ದಂಡೆಗೆ ಬಂದು ತಾಗಿತು. ಅಂಬಿಗ ಹುಟ್ಟು ಮಡಿಲಲ್ಲಿಟ್ಟುಕೊಂಡು ಕಾಯುತ್ತಿದ್ದ, ಅವನ ಮುಖದಲ್ಲಿ ನಗು ಇರಲಿಲ್ಲ. ಸುದ್ದಿ ಆಗಲೇ ನದಿ ದಾಟಿತ್ತು. ಇನ್ನೊಂದು ದಿನ ಬಿಟ್ಟರೆ ಅದು ಹತ್ತೂರು ಸೇರುತ್ತದೆ, ಆಮೇಲೆ ಹಾಲೇಶನ ಮುಂದೆ ಯಾರೂ ಕೈ ಚಾಚುವುದಿಲ್ಲ.

ಫಕೀರವ್ವನ ಬಾಟಲಿ ಇಸಿದುಕೊಂಡು ಬಂದು ಗದಿಗೆಪ್ಪ ಮೆಟ್ಟಿಲು ಇಳಿದ. ಯಾವ ಮೆಟ್ಟಿಲನ್ನೂ ಅಲುಗಾಡಿಸಿ ನೋಡಲಿಲ್ಲ. ಹರಿಗೋಲಿಗೆ ಒಂದು ಕಾಲಿಟ್ಟವನು ನಿಂತ. ಅಲ್ಲಿ ಹೋಗಿ ಮಾಡಬೇಕಾದ್ದನ್ನೆಲ್ಲ ಮನಸ್ಸಿನಲ್ಲಿ ಜೋಡಿಸಿಕೊಂಡಿದ್ದ. ಅಂಬಿಗನ ಮನೆಯವರ ಎದುರಿಗೇ ತಪ್ಪು ಒಪ್ಪಿಕೊಳ್ಳಬೇಕು, ಕಾಲು ಹಿಡಿಯಬೇಕು, ಕರೆದುಕೊಂಡು ಬಂದು ಎದುರಿನ ಮಣೆಯ ಮೇಲೆ ಕೂರಿಸಬೇಕು. ಈ ಸಲ ಕೈ ಬೆಚ್ಚಗೆ ಮಾಡಿಕೊಂಡು, ಒತ್ತದೆ, ಹಗುರಾಗಿ ಬೆರಳಿಟ್ಟು ಅವನ ನಾಡಿಯನ್ನು ಸರಿಯಾಗಿ ನೋಡಬೇಕು. ಅಷ್ಟರಲ್ಲಿ ಒಂದು ಹೆದರಿಕೆ ಬಂದು ಅಡ್ಡ ನಿಂತಿತು.

ಅವನು ಮೇಲಕ್ಕೆ ತಿರುಗಿ ನೋಡಿದ.

"ಅಜ್ಜಾರ, ಇಷ್ಟೆಲ್ಲ ಆದ ಮ್ಯಾಲೆ ಅವ ನನಗ ಕೈ ಕೊಡಲಿಲ್ಲಂದ್ರ ಏನ ಮಾಡಲಿ?"

ಅಜ್ಜಾರು ನಡುಗುವ ತಮ್ಮ ಕೈಯಿಂದ ಆಚೆ ದಂಡೆ ತೋರಿಸಿದರು.

"ಅವನ ಕೈ ಯಾಕ ಕೇಳತೀ ತಮ್ಮಾ? ನಿಂದು ಕೊಡು. ಪಾಳಿ ಅವಂದು."